ಮುಚ್ಚಿಹೋದ ಟಿಕಿ ರೆಸ್ಟೋರೆಂಟ್ ಸರ್ವೇ: ಬೊಂಬೆ ಎತ್ತುವ ಮುಂಚೆ ಅದರ ಹಿಂದಿನ ಪೈಪ್ ನೋಡಿ

ಹಳೇ ಕಟ್ಟಡ ಕೆಡವುವ ಅಥವಾ ರಿಪೇರಿ ಮಾಡುವ ಮುಂಚೆ ಒಳಗೆ ಏನೇನಿದೆ ಅಂತ ಅಳೆದು, ಫೋಟೋ ತೆಗೆದು, ನಕ್ಷೆ ಮಾಡಿಕೊಡುವುದು ನನ್ನ ಕೆಲಸ. ಇರುವುದು ಅಮೆರಿಕದ ಒಹಾಯೋದಲ್ಲಿ. ಶಾಲೆ, ಗೋದಾಮು, ಬ್ಯಾಂಕು, ಚರ್ಚು ಹೀಗೆ ಎಲ್ಲ ಥರದ್ದೂ ಬರುತ್ತದೆ. ಆದರೆ ಒಂದು ಹಳೇ ಲಾಡ್ಜಿನ ನೆಲಮಾಳಿಗೆಯಲ್ಲಿ ಬಾಗಿಲು ಮುಚ್ಚಿಕೊಂಡು ಬಿದ್ದಿದ್ದ ಟಿಕಿ ರೆಸ್ಟೋರೆಂಟ್ ನಾನು ಕೆಲಸ ಮಾಡುವ ಕ್ರಮವನ್ನೇ ಬದಲಿಸಿತು. ಮಾಲೀಕರ ಜೊತೆ ಒಪ್ಪಂದ ಇರುವುದರಿಂದ ಊರು, ಹೆಸರು ಹೇಳುವ ಹಾಗಿಲ್ಲ. ಕಲಿತದ್ದನ್ನು ಹೇಳಬಹುದಲ್ವಾ, ಅದನ್ನು ಬರೆಯುತ್ತಿದ್ದೇನೆ.

ಟಿಕಿ ರೆಸ್ಟೋರೆಂಟ್ ಅಂದರೆ ಪೆಸಿಫಿಕ್ ದ್ವೀಪಗಳ ಹಳ್ಳಿಯ ಹಾಗೆ ಅಲಂಕಾರ ಮಾಡಿದ ಹೋಟೆಲು. ಬಿದಿರಿನ ಗೋಡೆ, ಹುಲ್ಲಿನ ಮಾಡು, ಮರದಲ್ಲಿ ಕೆತ್ತಿದ ದೇವರುಗಳು, ಕತ್ತಲು, ಬಣ್ಣದ ದೀಪ, ರಮ್. ಅಮೆರಿಕದಲ್ಲಿ 1933ರಲ್ಲಿ ಪಾನನಿಷೇಧ ಮುಗಿದ ಬೆನ್ನಿಗೇ ಹಾಲಿವುಡ್‌ನಲ್ಲಿ ಡಾನ್ ದಿ ಬೀಚ್‌ಕೋಂಬರ್ ಅನ್ನುವ ಇಂಥ ಹೋಟೆಲು ಶುರುವಾಯಿತು. ಓಕ್ಲೆಂಡಿನಲ್ಲಿ ವಿಕ್ಟರ್ ಬರ್ಜರಾನ್ ಟ್ರೇಡರ್ ವಿಕ್ಸ್ ಕಟ್ಟಿದರು. ಎರಡನೇ ಮಹಾಯುದ್ಧಕ್ಕೆ ಪೆಸಿಫಿಕ್ ಕಡೆ ಹೋಗಿದ್ದ ಲಕ್ಷಾಂತರ ಸೈನಿಕರು ವಾಪಸ್ ಬಂದರು, 1959ರಲ್ಲಿ ಹವಾಯಿ ಅಮೆರಿಕದ ರಾಜ್ಯವಾಯಿತು, ಈ ಹೊತ್ತಿಗೆ ಸಮುದ್ರವನ್ನೇ ನೋಡದ ಊರುಗಳಲ್ಲೂ ಟಿಕಿ ಹೋಟೆಲು ಬಂದುಬಿಟ್ಟಿತ್ತು. ಊಟ ಮಾತ್ರ ಬಹುಪಾಲು ಕ್ಯಾಂಟನೀಸ್ ಚೈನೀಸ್. 70ರ ದಶಕಕ್ಕೆ ಜನರ ರುಚಿ ಬದಲಾಯಿತು. ಒಂದೊಂದಾಗಿ ಮುಚ್ಚಿದವು.

ನಮ್ಮ ರಾಜ್ಯದಲ್ಲೇ ಇಂಥದ್ದರಲ್ಲಿ ಅತಿ ಹೆಸರುವಾಸಿಯಾಗಿದ್ದು ಕೊಲಂಬಸ್ಸಿನ ಕಹಿಕಿ. 1961ರಲ್ಲಿ ತೆರೆದದ್ದು. ದೋಣಿಯನ್ನು ನೆನಪಿಸುವ ಎತ್ತರದ ಮಾಡು, ಬಾಗಿಲ ಹತ್ತಿರ ಈಸ್ಟರ್ ದ್ವೀಪದ ಕಲ್ಲುಮುಖಗಳಂಥ ಎರಡು ಭಾರೀ ಮೂರ್ತಿಗಳು, ಅವುಗಳ ತಲೆ ಮೇಲೆ ಉರಿಯುವ ಬೆಂಕಿ. 1997ರಲ್ಲಿ ರಾಷ್ಟ್ರೀಯ ಐತಿಹಾಸಿಕ ಸ್ಥಳಗಳ ಪಟ್ಟಿಗೆ ಸೇರಿತು. 2000ದಲ್ಲಿ ಮುಚ್ಚಿತು, ಕೆಡವಿದರು, ಆ ಜಾಗದಲ್ಲಿ ಮೆಡಿಕಲ್ ಸ್ಟೋರ್ ಬಂತು. ಪಟ್ಟಿಯಲ್ಲಿ ಹೆಸರಿದ್ದರೆ ಕೆಡವುವ ಹಾಗಿಲ್ಲ ಅಂತ ಜನ ಅಂದುಕೊಂಡಿದ್ದಾರೆ. ಹಾಗೇನಿಲ್ಲ. ಸರ್ಕಾರದ ದುಡ್ಡು, ಸರ್ಕಾರದ ಪರ್ಮಿಟ್ ಬೇಡದ ಕಡೆ ಖಾಸಗಿ ಮಾಲೀಕನನ್ನು ಆ ಪಟ್ಟಿ ತಡೆಯುವುದಿಲ್ಲ. ನಮ್ಮ ಕಚೇರಿಗೆ ಹೊಸದಾಗಿ ಸೇರುವವರಿಗೆ ನಾನು ಮೊದಲು ಹೇಳುವುದು ಇದನ್ನೇ. ಕಟ್ಟಡ ಉಳಿಯುತ್ತದೆ ಅಂತ ನಂಬಿಕೊಂಡು ಅಳತೆ ತೆಗೆಯಬೇಡಿ.

ಈಗ ಆ ನೆಲಮಾಳಿಗೆಗೆ ಬರೋಣ. ಇಂಥ ಕಡೆ ಸಾಮಾನ್ಯವಾಗಿ ಬೆಲೆ ಬರುವ ಸಾಮಾನು ಮೊದಲು ಹೊರಗೆ ಹೋಗುತ್ತದೆ. ಕೆತ್ತನೆ ಕಂಬ, ಮುಖವಾಡ, ದೇವರ ಮುಖದ ಪಿಂಗಾಣಿ ಮಗ್ಗು, ಮೆನು ಕಾರ್ಡು, ಎಲ್ಲಕ್ಕೂ ಸಂಗ್ರಹ ಮಾಡುವವರು ಒಳ್ಳೇ ದುಡ್ಡು ಕೊಡುತ್ತಾರೆ. ಆಮೇಲೆ ನಾವು ಒಳಗೆ ಹೋಗಬೇಕು. ಅಷ್ಟೊತ್ತಿಗೆ ಉಳಿದಿರುವುದು ಮೊಳೆ ತೂತುಗಳ ಗೋಡೆ. ಈ ಸಲ ನಾನು ಹಟ ಹಿಡಿದೆ. ಆಸ್ಬೆಸ್ಟಾಸ್ (ಧೂಳು ಉಸಿರಿಗೆ ಹೋದರೆ ಶ್ವಾಸಕೋಶ ಕೆಡಿಸುವ ನಾರು) ಪರೀಕ್ಷೆ ಆದ ಕೂಡಲೇ ನಾವು, ನಮ್ಮದು ಮುಗಿದ ಮೇಲೆ ಸಾಮಾನು ಅಂದೆ. ಕಾಂಟ್ರಾಕ್ಟರ್‌ಗೆ ಇಷ್ಟವಾಗಲಿಲ್ಲ. ಆದರೂ ಮಾಲೀಕರು ಒಪ್ಪಿದರು.

(ಆಸ್ಬೆಸ್ಟಾಸ್ ವಿಷಯದಲ್ಲಿ ಯಾರೂ ಧೈರ್ಯ ತೋರಿಸಲು ಹೋಗಬೇಡಿ. ಈ ಹೋಟೆಲುಗಳಲ್ಲಿ ಜ್ವಾಲಾಮುಖಿ ಕಲ್ಲಿನ ಹಾಗೆ ಕಾಣುವ ಗೋಡೆ ಎಷ್ಟೋ ಸಲ ಮೆಶ್ ಮೇಲೆ ಬಳಿದ ಗಾರೆ. ಆ ಕಾಲದ ಗಾರೆ, ಪೈಪಿನ ಹೊದಿಕೆ, ನೆಲದ ಟೈಲು, ಅದರ ಅಂಟು, ಯಾವುದರಲ್ಲಿ ಬೇಕಾದರೂ ಅದು ಇರಬಹುದು. ವರದಿ ಕೈಗೆ ಬರುವ ತನಕ ಕೆರೆಯುವುದು, ಕೊರೆಯುವುದು ಎರಡೂ ಬೇಡ.)

ನನ್ನ ಹಟಕ್ಕೆ ಕಾರಣ ಇತ್ತು. ಟಿಕಿ ರೆಸ್ಟೋರೆಂಟನ್ನು ಕಟ್ಟುತ್ತಿದ್ದದ್ದೇ ನಾಟಕದ ಸೆಟ್ ಥರ. ಸ್ಯಾನ್ ಫ್ರಾನ್ಸಿಸ್ಕೋದ ಫೇರ್‌ಮಾಂಟ್ ಹೋಟೆಲಿನ ಟೊಂಗಾ ರೂಮನ್ನು ನೋಡಿದವರಿಗೆ ಇದು ಗೊತ್ತು. 1929ರ ಈಜುಕೊಳವನ್ನು ಹಾಗೇ ಉಳಿಸಿಕೊಂಡು 1945ರಲ್ಲಿ ಸುತ್ತಲೂ ರೆಸ್ಟೋರೆಂಟ್ ಮಾಡಿದರು. ರೂಪ ಕೊಟ್ಟವರು ಎಂಜಿಎಂ ಸಿನಿಮಾ ಸ್ಟುಡಿಯೋದ ಸೆಟ್ ಡೈರೆಕ್ಟರ್ ಮೆಲ್ ಮೆಲ್ವಿನ್. ಕೊಳದಲ್ಲಿ ತೇಲುವ ದೋಣಿ ಮೇಲೆ ಬ್ಯಾಂಡು, ಆಗಾಗ ಗುಡುಗು ಮಿಂಚು, ಮೇಲಿನಿಂದ ನಿಜವಾದ ನೀರಿನ ಮಳೆ. ಅಲ್ಲಿಂದ ನಾಲ್ಕು ಬೊಂಬೆ ಎತ್ತಿಕೊಂಡು ಬಂದು ಮ್ಯೂಸಿಯಮ್ಮಿನಲ್ಲಿ ಇಟ್ಟರೆ ಟೊಂಗಾ ರೂಮ್ ಅರ್ಥವಾಗುತ್ತದಾ? ಮಳೆ ಎಲ್ಲಿಂದ ಬರುತ್ತದೆ, ಸ್ವಿಚ್ ಯಾರ ಕೈಯಲ್ಲಿದೆ, ನೀರು ಎಲ್ಲಿಗೆ ಹೋಗುತ್ತದೆ, ಅದು ಗೊತ್ತಾಗಬೇಕು.

ನಾವು ಹೋದ ಜಾಗ ಅಷ್ಟು ದೊಡ್ಡದಲ್ಲ. ಆದರೆ ಅಲ್ಲೂ ಮಳೆ ಇತ್ತು. ಊಟದ ಹಾಲಿನ ಒಂದು ಗೋಡೆಗೆ ಕಿಟಕಿ. ನೆಲಮಾಳಿಗೆಯಲ್ಲಿ ಕಿಟಕಿ ಯಾಕೆ? ಗಾಜಿನ ಆಚೆ ಒಬ್ಬ ಮನುಷ್ಯ ಅಡ್ಡಡ್ಡವಾಗಿ ನುಸುಳುವಷ್ಟು ಜಾಗ, ಅದರಾಚೆ ಚಿತ್ರ ಬಿಡಿಸಿದ ಗೋಡೆ. ಮೇಲೆ ಉದ್ದಕ್ಕೂ ಒಂದು ತಾಮ್ರದ ಪೈಪ್, ಕೆಳಗಡೆಗೆ ಸಣ್ಣ ಸಣ್ಣ ತೂತು. ತೂತುಗಳು ಸಮ ಅಂತರದಲ್ಲಿ ಇರಲಿಲ್ಲ. ಮೊದಲು ನೋಡಿದಾಗ ಯಾರೋ ಅಂದಾಜಿನಲ್ಲಿ ಕೊರೆದಿದ್ದಾರೆ ಅನ್ನಿಸುತ್ತದೆ. ಕೋಣೆಯ ಅಳತೆ ತೆಗೆಯುವ ಸ್ಕ್ಯಾನರ್‌ನಿಂದ ಬಂದ ಲೆಕ್ಕವನ್ನು ಕಾಗದದ ಮೇಲೆ ಹಾಕಿದಾಗ ಗೊತ್ತಾಯಿತು, ಟೇಬಲ್ ಇರುವ ಕಡೆ ತೂತು ಜಾಸ್ತಿ, ಕಂಬ ಅಡ್ಡ ಬರುವ ಕಡೆ ಕಮ್ಮಿ. ಕೂತವರ ಕಣ್ಣಿಗೆ ಬೀಳುವಲ್ಲಿ ಮಳೆ ಜೋರು. ಕೆಳಗೆ ತಗಡಿನ ತೊಟ್ಟಿಯಲ್ಲಿ ನೀರು ಸೇರಿ, ಬಾರ್ ಹಿಂದಿನ ಪಂಪಿಗೆ ಹೋಗಿ, ಮತ್ತೆ ಮೇಲೆ. ಇದನ್ನು ಕೊರೆದ ಪ್ಲಂಬರ್ ಯಾರೋ ಏನೋ, ಆ ಕೈಚಳಕ ನೋಡಿ ನನಗೆ ನಿಜವಾಗಿ ಖುಷಿಯಾಯಿತು.

ಆ ಆಚೆ ಗೋಡೆಯ ಚಿತ್ರದ ಕಥೆ ಬೇರೆ. ನಮ್ಮ ಬಿಳಿ ಎಲ್‌ಇಡಿ ದೀಪದಲ್ಲಿ ಅದು ಮಾಸಲು ಹಸಿರು, ಬೂದು ಮೆತ್ತಿದ ಹಾಗೆ ಕಾಣುತ್ತಿತ್ತು. ಪಟ್ಟಿಯಲ್ಲಿ "ಹಾಳಾದ ಪೇಂಟಿಂಗ್" ಅಂತ ಬರೆದು ಮುಂದೆ ಹೋಗಬಹುದಿತ್ತು. ಆದರೆ ಗೋಡೆಯ ಬುಡದಲ್ಲಿ, ಯಾರಿಗೂ ಕಾಣದ ಹಾಗೆ, ಟ್ಯೂಬ್‌ಲೈಟ್ ಹಿಡಿಕೆಗಳಿದ್ದವು. ಬರೀ ಬೆಳಕಿಗಾದರೆ ಅಷ್ಟು ಬಚ್ಚಿಡುವುದು ಯಾಕೆ? ನನ್ನ ಜೊತೆಯ ಹುಡುಗಿಯ ಹತ್ತಿರ ಅಂಟಿನ ಕಲೆ ಹುಡುಕುವ ನೇರಳೆ ಬಣ್ಣದ ಯುವಿ ಟಾರ್ಚ್ ಇತ್ತು. ದೀಪ ಎಲ್ಲ ಆರಿಸಿ ಅದನ್ನು ಹಿಡಿದಳು. ಚಂದ್ರ ಬಂದ. ಅಲೆಯ ನೊರೆ ಬಂತು. ದೂರದ ದ್ವೀಪದಲ್ಲಿ ಸಣ್ಣ ಗುಡಿಸಲು, ಅದರ ಕಿಟಕಿಯಲ್ಲಿ ಕಿತ್ತಳೆ ಬೆಳಕು. ಎಲ್ಲ ಫ್ಲೋರೊಸೆಂಟ್ ಬಣ್ಣ, ಅಷ್ಟು ವರ್ಷ ಕತ್ತಲಲ್ಲೇ ಇದ್ದದ್ದರಿಂದ ಮಾಸಿರಲಿಲ್ಲ. ಅವತ್ತಿಂದ ನಾನು ಇಂಥ ಜಾಗದ ಫೋಟೋ ಎರಡು ಸಲ ತೆಗೆಯುತ್ತೇನೆ. ಒಂದು ಸಲ ಅಳತೆಗೆ ಬೇಕಾದ ಬಿಳಿ ಬೆಳಕಲ್ಲಿ, ಇನ್ನೊಂದು ಸಲ ಆ ಜಾಗ ಯಾವ ಬೆಳಕಿಗಾಗಿ ಮಾಡಿದ್ದೋ ಆ ಬೆಳಕಲ್ಲಿ. ಬಾರ್ ಮೇಲಿನ ಲ್ಯಾಂಪುಗಳೂ ಹಾಗೇ. ಉಬ್ಬುಮೀನಿನ ಚರ್ಮದ್ದು, ಬಲೆಯಲ್ಲಿ ಕಟ್ಟಿದ ಗಾಜಿನ ತೇಲುಗುಂಡುಗಳದ್ದು, ಒಂದೊಂದರ ಒಳಗೂ ಬೇರೆ ಬಣ್ಣದ ಬಲ್ಬು. ಬಲ್ಬ್ ಕಿತ್ತು ಎಸೆಯುವ ಮುಂಚೆ ಯಾವುದರಲ್ಲಿ ಯಾವ ಬಣ್ಣ ಅಂತ ಬರೆದುಕೊಳ್ಳಿ. ಅದನ್ನು ಆಮೇಲೆ ಯಾವ ಸ್ಕ್ಯಾನರೂ ಹೇಳುವುದಿಲ್ಲ.

ಗೋಡೆಗೆ ಹೊಡೆದಿದ್ದ ಚಾಪೆ ನನಗೆ ಹತ್ತಿರದ ವಿಷಯ. ಉಡುಪಿ ಕಡೆಯವಳು ನಾನು. ಕೇದಿಗೆ ಜಾತಿಯ ಎಲೆಯ ಮುಳ್ಳು ತೆಗೆದು, ಬೆಂಕಿಗೆ ಹಿಡಿದು ಮೆದು ಮಾಡಿ, ಸುತ್ತಿ, ಇಡ್ಲಿ ಹಿಟ್ಟು ಹುಯ್ದು ಬೇಯಿಸುವ ಮೂಡೆ ಕಟ್ಟುವುದನ್ನು ಚಿಕ್ಕಂದಿನಿಂದ ನೋಡಿದ್ದೇನೆ. ಪೆಸಿಫಿಕ್ ದ್ವೀಪಗಳಲ್ಲಿ ಚಾಪೆ ನೇಯುವುದು ಅದೇ ಜಾತಿಯ ಎಲೆಯಿಂದ. ಹಾಗಾಗಿ ಎಲೆಯ ಅಂಚಿನಲ್ಲಿ ಮುಳ್ಳು ತೆಗೆದ ಗುರುತು ಕಂಡ ಕೂಡಲೇ, ಇದು ಕೈಯಲ್ಲಿ ನೇಯ್ದದ್ದು, ಆ ಮೂಲೆಯದ್ದು ಆಮೇಲೆ ತಂದು ಹಾಕಿದ ಪ್ಲಾಸ್ಟಿಕ್ ಅಂತ ಹೇಳಲು ಆಯಿತು. ನಮ್ಮ ಮನೆಯ ತಿಳಿವಳಿಕೆ ಎಲ್ಲಿ ಕೆಲಸಕ್ಕೆ ಬರುತ್ತದೆ ಅಂತ ಹೇಳುವುದಕ್ಕೆ ಆಗುವುದಿಲ್ಲ ನೋಡಿ.

ಇನ್ನೊಂದು ಸಣ್ಣ ವಿಷಯ, ಆದರೆ ಕೆಲಸಕ್ಕೆ ತುಂಬಾ ಬೇಕಾದದ್ದು. ಬಿದಿರಿನ ಕೆಳಗೂ ಹುಲ್ಲಿನ ಮಾಡಿನ ಕೆಳಗೂ ಬಿಳಿ ಪುಡಿ ಬಿದ್ದಿತ್ತು. ಎರಡೂ ಒಂದೇ ಅಂತ ಕಾಣುತ್ತದೆ. ಒಂದೇ ಅಲ್ಲ. ಬಿದಿರಿನದ್ದು ಕೊರೆಯುವ ಹುಳದ್ದು, ಅಕ್ಕಿ ಹಿಟ್ಟಿನಷ್ಟು ನುಣ್ಣಗೆ, ಮೇಲೆ ನೋಡಿದರೆ ಗುಂಡುಸೂಜಿ ತಲೆಯಷ್ಟು ತೂತು. ಹುಲ್ಲಿನದ್ದು ಹರಳು ಹರಳು, ಒಂದು ಹನಿ ನೀರು ಬಿಟ್ಟರೆ ಕರಗುತ್ತದೆ. ಅದು ಬೆಂಕಿ ಹಿಡಿಯದಿರಲಿ ಅಂತ ಹುಲ್ಲಿಗೆ ಹಾಕಿದ್ದ ಉಪ್ಪಿನ ದ್ರಾವಣ, ಗಾಳಿಯ ತೇವ ಹೀರಿ ಹೊರಗೆ ಬಂದದ್ದು. 1942ರಲ್ಲಿ ಬೋಸ್ಟನ್ನಿನ ಕೋಕನಟ್ ಗ್ರೋವ್ ನೈಟ್‌ಕ್ಲಬ್ಬಿಗೆ ಬೆಂಕಿ ಬಿದ್ದು 492 ಜನ ಸತ್ತರು. ಅಲ್ಲೂ ಬಟ್ಟೆ, ತಾಳೆಮರದ ಅಲಂಕಾರ. ಆಮೇಲೆ ಇಂಥ ಅಲಂಕಾರದ ಮೇಲೆ ನಿಯಮ ಬಿಗಿಯಾಯಿತು. ಈ ಉಪ್ಪಿಗೆ ಕಬ್ಬಿಣ ತಿನ್ನುವ ಗುಣ ಇದೆ. ಮಾಡನ್ನು ಹಿಡಿದಿದ್ದ ಮೊಳೆಗಳು ಬರೀ ತುಕ್ಕು. ಕೆಳಗೆ ನಿಂತು ಸುಮ್ನೆ ಜಗ್ಗಿದ್ದರೆ ಇಡೀ ಮಾಡು ತಲೆ ಮೇಲೆ ಬರುತ್ತಿತ್ತು. ಹಾಗಾಗಿ ಪುಡಿ ಕಂಡರೆ ಗುಡಿಸಬೇಡಿ, ಮೊದಲು ಏನು ಅಂತ ನೋಡಿ. ಫ್ಲಾರಿಡಾದ ಮೈ-ಕೈ ಅನ್ನುವ ಟಿಕಿ ಹೋಟೆಲು, 1956ರಿಂದ ಇದ್ದದ್ದು, 2020ರಲ್ಲಿ ಮಳೆಗೆ ಅಡುಗೆಮನೆ ಕಡೆಯ ಚಾವಣಿ ಕುಸಿದು ಮುಚ್ಚಿತು, ಮತ್ತೆ ತೆರೆದದ್ದು 2024ರಲ್ಲಿ. ಈ ಕಟ್ಟಡಗಳಲ್ಲಿ ಅಪಾಯ ಯಾವಾಗಲೂ ತಲೆ ಮೇಲೇ.

ಕೆತ್ತನೆಗಳ ಬಗ್ಗೆ ನನ್ನ ಅಭಿಪ್ರಾಯ ಖಡಾಖಂಡಿತ. ಇಂಥ ಹೋಟೆಲುಗಳಿಗೆ ಬೇಕಾದ ಬಹಳಷ್ಟು ಕೆತ್ತನೆ ಅಮೆರಿಕದಲ್ಲೇ ಆಯಿತು. ಕ್ಯಾಲಿಫೋರ್ನಿಯಾದ ವಿಟಿಯರ್‌ನಲ್ಲಿ ಓಷಿಯಾನಿಕ್ ಆರ್ಟ್ಸ್ ಅಂತ ಒಂದು ಕಾರ್ಯಾಗಾರ 1956ರಿಂದ 2021ರ ತನಕ ಇದೇ ಕೆಲಸ ಮಾಡಿತು. ಆದರೆ ಅದರ ನಡುವೆ ನಿಜವಾಗಿ ದ್ವೀಪಗಳಿಂದ ತಂದ ಗುರಾಣಿ, ಮುಖವಾಡ, ದೋಣಿಯ ಮೂತಿ ಸೇರಿಕೊಂಡಿರುತ್ತದೆ. ಅವು ಒಂದು ಜನರ ಪೂಜೆಯ, ಹಿರಿಯರ ವಸ್ತು. ಅವನ್ನು ಹರಾಜಿನಲ್ಲಿ ಮಗ್ಗುಗಳ ಜೊತೆ ಮಾರುವುದು ಸರಿಯಲ್ಲ. ಹಿಂಬದಿ ನೋಡಿ. ಯಂತ್ರದ ಗರಗಸದ ಗೆರೆ, ತಲೆ ಮೇಲೆ + ಗುರುತಿನ ಫಿಲಿಪ್ಸ್ ಸ್ಕ್ರೂ ಇದ್ದರೆ ಕಾರ್ಖಾನೆಯದ್ದು. ಕೈಯಿಂದ ಸವೆದ ಹಿಡಿ, ನಾರಿನ ಕಟ್ಟು, ಹಳೇ ಚೀಟಿ ಇದ್ದರೆ ಅದನ್ನು ಬೇರೆ ಇಟ್ಟು, ತಿಳಿದವರಿಗೆ ತೋರಿಸದೆ ಹೊರಗೆ ಬಿಡಬೇಡಿ. ಅಲ್ಲಿ ನಾವು ಹಾಗೆ ಬೇರೆ ಮಾಡಿ ಇಟ್ಟವು ಈಗ ಮ್ಯೂಸಿಯಂನವರ ಪರಿಶೀಲನೆಯಲ್ಲಿವೆ.

ಕೊನೆಗೆ ಜನ. ಟಿಕಿ ಬಾರ್‌ಗಳ ಕೌಂಟರ್ ಹಿಂದೆ ದುಡಿದವರಲ್ಲಿ ಫಿಲಿಪೀನ್ಸ್ ಮೂಲದವರು ತುಂಬಾ ಜನ, ಅಡುಗೆಮನೆಯಲ್ಲಿ ಚೈನೀಸರು. ಪಾಕವಿಧಾನ ಕದಿಯಬಾರದು ಅಂತ ಡಾನ್ ದಿ ಬೀಚ್‌ಕೋಂಬರ್‌ನಲ್ಲಿ ಬಾಟಲಿಗಳಿಗೆ ಸಂಕೇತ ಹಾಕುತ್ತಿದ್ದರು, ಬೆರೆಸುವವನಿಗೇ ಒಳಗೆ ಏನಿದೆ ಗೊತ್ತಿರುತ್ತಿರಲಿಲ್ಲ. ಹಾಗಿದ್ದೂ ಇಡೀ ವ್ಯವಹಾರ ನಿಂತಿದ್ದು ಅವರ ಕೈ ಮೇಲೆ. ಆದರೆ ಸಂಗ್ರಹಗಳಲ್ಲಿ ಮಗ್ಗು ಇರುತ್ತದೆ, ಅದನ್ನು ತುಂಬಿಸಿ ಕೊಟ್ಟವರ ಮಾತು ಇರುವುದಿಲ್ಲ. ನಮ್ಮ ಜಾಗದಲ್ಲಿ ಕೆಲಸ ಮಾಡಿದ್ದ ಒಬ್ಬ ಹಿರಿಯರು ಇನ್ನೂ ಆ ಊರಲ್ಲೇ ಇದ್ದಾರೆ ಅಂತ ಲಾಡ್ಜಿನ ವಾಚ್‌ಮನ್ ಹೇಳಿದರು. ಹೋಗಿ ಮಾತಾಡಿಸುವುದು ನಮ್ಮ ಒಪ್ಪಂದದಲ್ಲಿ ಇರಲಿಲ್ಲ. ಆದರೂ ಮಾಲೀಕರನ್ನು ಕೇಳಿ, ಅವರಿಗೆ ದಿನದ ಸಂಬಳ ಕೊಟ್ಟು ಕರೆಸಿದೆವು. ಇದನ್ನು ಸುಮ್ಮನೆ ಉಪಕಾರವಾಗಿ ಕೇಳಬಾರದು. ಅವರ ತಿಳಿವಳಿಕೆಗೂ ನಮ್ಮ ಸ್ಕ್ಯಾನರ್ ಬಾಡಿಗೆಯ ಹಾಗೆ ಬೆಲೆ ಇದೆ.

ಅವರು ಬಂದು ಬಾರ್ ಹಿಂದೆ ನಿಂತರು. ಕೈ ತಾನಾಗೇ ಎಡಕ್ಕೆ ಹೋಯಿತು, ಮಳೆಯ ಸ್ವಿಚ್ ಇದ್ದ ಕಡೆ. ಆರ್ಡರ್ ಕಮ್ಮಿ ಆದಾಗ ಮಳೆ ಹಾಕುತ್ತಿದ್ದರಂತೆ. ಮಳೆ ಬಂದರೆ ಗಿರಾಕಿ ಎದ್ದು ಹೋಗುವುದಿಲ್ಲ, ಇನ್ನೊಂದು ಗ್ಲಾಸ್ ಹೇಳುತ್ತಾನೆ. ಮಳೆ ಜೋರಾದಾಗ ದೀಪ ಡಿಮ್ ಮಾಡುವುದು ಬೇರೊಬ್ಬರ ಕೆಲಸ, ಅಡುಗೆಮನೆ ಬಾಗಿಲ ಹತ್ತಿರ ನಿಂತವರದ್ದು, ಇಬ್ಬರ ನಡುವೆ ಕಣ್ಸನ್ನೆ. ಹಾಗಾದರೆ ಅವರಿಬ್ಬರೂ ಒಬ್ಬರಿಗೊಬ್ಬರು ಕಾಣಬೇಕಲ್ವಾ? ನಕ್ಷೆಯಲ್ಲಿ ಗೆರೆ ಎಳೆದು ನೋಡಿದೆ. ಎರಡು ಕಂಬದ ನಡುವೆ ನೇರವಾಗಿ ಕಾಣುತ್ತದೆ. ಆ ಗೆರೆಯನ್ನು ನಕ್ಷೆಯಲ್ಲಿ ಹಾಗೇ ಬಿಟ್ಟಿದ್ದೇನೆ.

ನೆಲದಲ್ಲಿ ನಾಲ್ಕು ಬೋಲ್ಟ್ ತೂತುಗಳಿದ್ದವು, ಏನಕ್ಕೆ ಅಂತ ಗೊತ್ತಾಗದೆ ನಾವು ಪ್ರಶ್ನೆಚಿಹ್ನೆ ಹಾಕಿದ್ದೆವು. ಐಸ್ ಪುಡಿ ಮಾಡುವ ಯಂತ್ರ ಇದ್ದದ್ದು ಅಲ್ಲಿ, ಅದರ ಸದ್ದು ಗಿರಾಕಿಗಳಿಗೆ ಕೇಳಬಾರದು ಅಂತ ಮಳೆಯ ಪಂಪನ್ನು ಬೇಕೆಂದೇ ಅದರ ಪಕ್ಕ ಇಟ್ಟಿದ್ದರು ಅಂತ ಅವರು ಹೇಳಿದರು. ಪೆನ್ನು ಕೇಳಿ ಇಸಿದುಕೊಂಡು ಯಂತ್ರದ ಆಕಾರವನ್ನು ತಾವೇ ಬರೆದುಕೊಟ್ಟರು. ಈಗ ನನ್ನ ಕೊಟೇಶನ್‌ಗಳಲ್ಲಿ ಎರಡು ಸಾಲು ಖಾಯಂ: ಸರ್ವೇ ಮುಗಿಯುವ ತನಕ ಒಂದು ಬಲ್ಬನ್ನೂ ತೆಗೆಯುವ ಹಾಗಿಲ್ಲ, ಮತ್ತೆ ಹಳೇ ಕೆಲಸಗಾರರಿಗೆ ಕೊಡುವ ಸಂಬಳ ಖರ್ಚಿನಲ್ಲೇ ಸೇರಿದೆ. ಕೆಲವರು ಎರಡನೇ ಸಾಲು ಹೊಡೆದುಹಾಕಿ ವಾಪಸ್ ಕಳಿಸುತ್ತಾರೆ. ನಾನು ಮತ್ತೆ ಬರೆದು ಕಳಿಸುತ್ತೇನೆ.