ಹೆಣ ಎದ್ದು ಓಡಾಡೋ ಸಿನಿಮಾ ಯಾಕೆ ನೋಡ್ತೀಯ?

ಆಫೀಸಿನಲ್ಲಿ ಜೊತೆಗಿರುವವರು ಕೇಳುತ್ತಾರೆ, ನೆಂಟರು ಕೇಳುತ್ತಾರೆ, ನಮ್ಮ ಅತ್ತಿಗೆಯಂತೂ ಊರಿಗೆ ಹೋದಾಗಲೆಲ್ಲ ಕೇಳುತ್ತಾರೆ: "ಅಷ್ಟೊಂದು ಒಳ್ಳೊಳ್ಳೆ ಸಿನಿಮಾ ಇರುವಾಗ ಈ ಹೆಣ ಎದ್ದು ಓಡಾಡೋದನ್ನ ಯಾಕೆ ನೋಡ್ತೀಯ? ಅದೂ ಬಣ್ಣ ಬಳಿದಿರೋದು ಕಣ್ಣಿಗೇ ಕಾಣ್ತಿರುತ್ತೆ!"

ಕಣ್ಣಿಗೆ ಕಾಣುವ ಆ ಬಣ್ಣಕ್ಕಾಗಿಯೇ ನೋಡುತ್ತೇನೆ ಅತ್ತಿಗೆ. ಕಡಿಮೆ ದುಡ್ಡಿನಲ್ಲಿ ಮಾಡಿದ, ನಗಿಸುವ ಜಾಂಬಿ ಸಿನಿಮಾ ಅಂದರೆ ನನಗೆ ಪ್ರಾಣ. ಜಾಂಬಿ ಅಂದರೆ ಎದ್ದು ಓಡಾಡುವ ಆ ಹೆಣವೇ.

ಡೈನೋಸಾರ್ ಬೇಕೆಂದರೆ ಕೋಟಿಗಟ್ಟಲೆ ದುಡ್ಡು ಬೇಕು. ಜಾಂಬಿಗೆ ಮನುಷ್ಯರಿದ್ದರೆ ಸಾಕು. ಅಕ್ಕಪಕ್ಕದವರನ್ನು ಕರೆದು, ಮುಖಕ್ಕೆ ಬೂದು ಬಣ್ಣ ಹಚ್ಚಿ, ಕಾಲೆಳೆದುಕೊಂಡು ನಡೆಯಿರಿ ಅಂದರೆ ಆಯಿತು. ಅಮೆರಿಕದ ನಿರ್ದೇಶಕ ಜಾರ್ಜ್ ರೊಮೆರೊ ಮತ್ತು ಅವರ ಗೆಳೆಯರು ಪಿಟ್ಸ್‌ಬರ್ಗ್ ಹತ್ತಿರದ ಒಂದು ತೋಟದ ಮನೆಯಲ್ಲಿ ಚಿತ್ರೀಕರಿಸಿ 1968ರಲ್ಲಿ ಬಿಡುಗಡೆ ಮಾಡಿದ 'ನೈಟ್ ಆಫ್ ದ ಲಿವಿಂಗ್ ಡೆಡ್' ಹುಟ್ಟಿದ್ದು ಹಾಗೆಯೇ. ಕಪ್ಪು ಬಿಳುಪಿನ ಚಿತ್ರ, ರಕ್ತಕ್ಕೆ ಚಾಕೊಲೇಟ್ ಸಿರಪ್. ಚಿತ್ರದ ಹೆಸರು ಬದಲಿಸುವಾಗ ವಿತರಕರು ಹಕ್ಕುಸ್ವಾಮ್ಯದ ಸಾಲು ಹಾಕುವುದನ್ನು ಮರೆತರು. ಆಗಿನ ಅಮೆರಿಕದ ಕಾನೂನಿನಂತೆ ಅದು ಎಲ್ಲರ ಸ್ವತ್ತಾಗಿಬಿಟ್ಟಿತು. ಮಾಡಿದವರಿಗೆ ನಷ್ಟವಾಯಿತು, ಅದು ಅನ್ಯಾಯವೇ. ಆದರೆ ಆಮೇಲೆ ಕ್ಯಾಮೆರಾ ಹಿಡಿದ ಬಡ ಹುಡುಗರಿಗೆ ಅದು ದುಡ್ಡು ಕೊಡದೆ ಸಿಕ್ಕಿದ ಭೂತ.

ಅದು ಹೆದರಿಸುವ ಸಿನಿಮಾ. ನಗು ಎಲ್ಲಿಂದ ಬಂತು? ನಮ್ಮ ಬೇತಾಳ ಹೆಣದೊಳಗೆ ಕೂತು ಕಥೆ ಹೇಳುತ್ತದೆ, ಒಗಟು ಕೇಳುತ್ತದೆ. ಜಾಂಬಿಗೆ ಮಾತೇ ಇಲ್ಲ. ಹಾಗಾಗಿ ಮಾತಾಡುವ, ಸುಳ್ಳು ಹೇಳುವ, ಮರ್ಯಾದೆ ಕಾಪಾಡುವ ಕೆಲಸವೆಲ್ಲ ಬದುಕಿರುವವರ ತಲೆಗೆ ಬೀಳುತ್ತದೆ. ನ್ಯೂಜಿಲೆಂಡಿನ ಪೀಟರ್ ಜಾಕ್ಸನ್ 1992ರಲ್ಲಿ ಮಾಡಿದ 'ಬ್ರೇನ್‌ಡೆಡ್' ನೋಡಿ. ಜಾಂಬಿಯಾಗುತ್ತಿರುವ ತಾಯಿಯ ಮೈ ಕೊಳೆಯುತ್ತಿದೆ, ಆದರೆ ಮನೆಗೆ ದೊಡ್ಡವರು ಊಟಕ್ಕೆ ಬಂದಿದ್ದಾರೆ. ಮಗ ಗೋಂದು ಹಚ್ಚಿ ಅವಳ ಚರ್ಮ ಅಂಟಿಸಿ ಕೂರಿಸುತ್ತಾನೆ. ಕಿವಿ ಕಳಚಿ ಕಸ್ಟರ್ಡ್ ಬಟ್ಟಲಿಗೆ ಬೀಳುತ್ತದೆ. ನಾಲ್ಕು ಜನ ಏನಂದಾರು ಎಂಬ ಭಯ ನ್ಯೂಜಿಲೆಂಡಿನಲ್ಲೂ ಇದೆಯಲ್ಲ ಅಂತ ನನಗೆ ಆ ಮಗನ ಮೇಲೆ ಕರುಳು ಚುರ್ ಅನ್ನುತ್ತದೆ, ನಗುವೂ ತಡೆಯಲಾಗುವುದಿಲ್ಲ.

ಆದರೆ ಒಂದೇ ಸಿನಿಮಾ ಹೆಸರಿಸು ಅಂದರೆ ನನ್ನದು ಜಪಾನಿನದು. ಶಿನಿಚಿರೊ ಉಯೆದಾ ಅವರ 'ಒನ್ ಕಟ್ ಆಫ್ ದ ಡೆಡ್', 2017. ಜಪಾನಿ ಹೆಸರಿನ ಅರ್ಥ 'ಕ್ಯಾಮೆರಾ ನಿಲ್ಲಿಸಬೇಡಿ' ಅಂತ. ಬಜೆಟ್ಟು ಸುಮಾರು 30 ಲಕ್ಷ ಯೆನ್, ಅಂದರೆ ಆಗಿನ ಲೆಕ್ಕದಲ್ಲಿ ಹದಿನೇಳು ಹದಿನೆಂಟು ಲಕ್ಷ ರೂಪಾಯಿ. ಟೋಕಿಯೊದ ಒಂದು ತರಬೇತಿ ಶಾಲೆಯ ಶಿಬಿರಕ್ಕೆ ಬಂದ, ಯಾರಿಗೂ ಗೊತ್ತಿಲ್ಲದ ನಟನಟಿಯರು. ಎಂಟು ದಿನ ಚಿತ್ರೀಕರಣ. 2018ರ ಜೂನ್‌ನಲ್ಲಿ ಟೋಕಿಯೊದ ಎರಡೇ ಚಿತ್ರಮಂದಿರಗಳಲ್ಲಿ ತೆರೆಕಂಡಿತು. ನೋಡಿದವರು ಮತ್ತೊಬ್ಬರಿಗೆ ಹೇಳಿ, ಅವರು ಇನ್ನೊಬ್ಬರಿಗೆ ಹೇಳಿ, ಮುನ್ನೂರಕ್ಕೂ ಹೆಚ್ಚು ಚಿತ್ರಮಂದಿರ ಮುಟ್ಟಿತು. ಗಳಿಕೆ 300 ಕೋಟಿ ಯೆನ್ ದಾಟಿತು. ಹಾಕಿದ್ದರ ಸಾವಿರ ಪಟ್ಟು.

(ಸಿನಿಮಾ ನೋಡದವರು ಮುಂದಿನ ಎರಡು ಪ್ಯಾರಾ ಬಿಟ್ಟು ಕೊನೆಯದಕ್ಕೆ ಹೋಗಿ, ದಯವಿಟ್ಟು.)

ಮೊದಲ 37 ನಿಮಿಷ ಒಂದೇ ಶಾಟ್, ಕ್ಯಾಮೆರಾ ಎಲ್ಲೂ ನಿಲ್ಲುವುದಿಲ್ಲ. ಪಾಳು ಕಟ್ಟಡ, ಜಾಂಬಿಗಳು, ಕಿರುಚಾಟ. ಮಾತಿನ ಮಧ್ಯೆ ಅರ್ಥವಿಲ್ಲದ ಮೌನ, ಕಾರಣವಿಲ್ಲದೆ ನೆಲದ ಮೇಲೆ ಬಿದ್ದುಕೊಂಡಿರುವ ಕ್ಯಾಮೆರಾ. ಏನಿದು ಕಳಪೆ ಅನ್ನಿಸುತ್ತದೆ. ಆಮೇಲೆ ಕಥೆ ಒಂದು ತಿಂಗಳು ಹಿಂದಕ್ಕೆ ಹೋಗಿ, ನಿಧಾನವಾಗಿ ನಮ್ಮನ್ನು ನೇಪಥ್ಯಕ್ಕೆ ಕರೆದೊಯ್ಯುತ್ತದೆ. ನಾವು ಮೊದಲು ನೋಡಿದ್ದು ಟಿವಿಯ ನೇರಪ್ರಸಾರ, ನಿಲ್ಲಿಸುವಂತಿಲ್ಲ. ಒಬ್ಬ ನಟ ಕುಡಿದು ಬಿದ್ದಿದ್ದಾನೆ, ಒಬ್ಬನಿಗೆ ಹೊಟ್ಟೆ ಕೆಟ್ಟಿದೆ, ಇಬ್ಬರು ಬಂದೇ ಇಲ್ಲ. ಬಾರದವರ ಪಾತ್ರಕ್ಕೆ ನಿರ್ದೇಶಕನೂ ಅವನ ಹೆಂಡತಿಯೂ ಇಳಿಯುತ್ತಾರೆ. ಮೊದಲು ತಪ್ಪು ಅನ್ನಿಸಿದ ಒಂದೊಂದು ಕ್ಷಣದ ಹಿಂದೆಯೂ ಯಾರೋ ಒಬ್ಬರು ಪ್ರಾಣ ಕೈಯಲ್ಲಿ ಹಿಡಿದು ಓಡಾಡಿದ್ದಾರೆ. ಕೊನೆಗೆ ಮೇಲಿನಿಂದ ತೆಗೆಯಬೇಕಾದ ಶಾಟ್‌ಗೆ ಕ್ರೇನ್ ಮುರಿದುಹೋಗಿದೆ. ಇರುವವರೆಲ್ಲ ಒಬ್ಬರ ಬೆನ್ನ ಮೇಲೊಬ್ಬರು ಏರಿ ಗೋಪುರ ಕಟ್ಟುತ್ತಾರೆ. ತುದಿಯಲ್ಲಿ ಕ್ಯಾಮೆರಾ ಹಿಡಿದ ನಿರ್ದೇಶಕನ ಮಗಳು.

ಆ ದೃಶ್ಯಕ್ಕೆ ನಾನು ಪ್ರತಿ ಸಲವೂ ಅತ್ತಿದ್ದೇನೆ. ಕಾಲೇಜಿನಲ್ಲಿ ನಾನು ನಾಟಕ ತಂಡದ ನೇಪಥ್ಯದಲ್ಲಿದ್ದೆ. ಒಮ್ಮೆ ಪ್ರದರ್ಶನದ ನಡುವೆ ಸೆಟ್ಟಿನ ಗೋಡೆಯ ಆಸರೆ ಕಿತ್ತುಬಂತು. ನಾವು ನಾಲ್ವರು ಹಿಂದಿನಿಂದ ಆ ಗೋಡೆಗೆ ಬೆನ್ನು ಕೊಟ್ಟು, ಅಂಕ ಮುಗಿಯುವವರೆಗೆ ಉಸಿರು ಬಿಗಿಹಿಡಿದು ನಿಂತೆವು. ಮುಂದೆ ಕೂತವರಿಗೆ ಕಂಡದ್ದು ಬರೀ ಗೋಡೆ. ಪರದೆ ಬಿದ್ದಾಗ ನಾವು ಒಬ್ಬರನ್ನೊಬ್ಬರು ನೋಡಿ ನಕ್ಕ ನಗುವಿದೆಯಲ್ಲ, ಅದನ್ನು ನಾನು ದೊಡ್ಡ ಬಜೆಟ್ಟಿನ ಸಿನಿಮಾದಲ್ಲಿ ಕಂಡಿಲ್ಲ. ಅಲ್ಲಿ ಗೋಡೆ ಬೀಳುವುದಿಲ್ಲ, ಬಿದ್ದರೆ ಇನ್ನೊಂದು ತರಿಸುತ್ತಾರೆ.

ಹೋದ ಯುಗಾದಿಗೆ ನನ್ನ ಜೊತೆ ಈ ಸಿನಿಮಾ ನೋಡಲು ಕೂತ ಅತ್ತಿಗೆ ಇಪ್ಪತ್ತು ನಿಮಿಷಕ್ಕೆ ಎದ್ದು ಒಳಗೆ ಹೋದರು. ಈ ಸಲ ಊರಿಗೆ ಹೋದಾಗ ಮತ್ತೆ ಹಾಕುತ್ತೇನೆ. ಅತ್ತಿಗೆ, ಹೆಸರುಗಳು ಬಂದು ಸಿನಿಮಾ ಮುಗಿದಂತೆ ಕಾಣುತ್ತದೆ, ಆಗಲೂ ಏಳಬೇಡಿ. ಒಲೆ ಮೇಲೆ ಏನಿದ್ದರೂ ನಾನು ನೋಡಿಕೊಳ್ಳುತ್ತೇನೆ.