ಉದ್ರಿ ಪುಸ್ತಕದೊಳಗಿನ ಎರಡು ಸಾವಿರ

"ಆಕಿ ಬಂದಾಗ ನಾಕ ಮಂದಿ ಮುಂದ ಬಾಕಿ ಕೇಳಬ್ಯಾಡಪಾ."

ಗುರುವಾರದಿಂದ ಈ ಮಾತು ನನ್ನ ಕಿವಿ ಬಿಟ್ಟು ಹೋಗುತ್ತಿಲ್ಲ. ರೊಟ್ಟಿ ಬಡಿಯುವಾಗ ಅದೇ, ಭಾಂಡೆ ತಿಕ್ಕುವಾಗ ಅದೇ. ಹೇಳಿದ್ದು ನನಗಲ್ಲ, ನಮ್ಮ ಓಣಿಯ ಕಿರಾಣಿ ಅಂಗಡಿಯವನಿಗೆ. ಹೇಳಿದವರು ನಮ್ಮ ಅತ್ತಿ.

ನಮ್ಮ ಮನೆಯವರಿಗೆ ಮೇ ತಿಂಗಳಿಂದ ಅರ್ಧ ಪಗಾರ. ಜೂನಿನಲ್ಲಿ ಮಗಳ ಫೀ ಕಟ್ಟಿದ್ದೇ ಕೊನೆ, ಆಮೇಲೆ ಎಣ್ಣೆ, ಬೇಳೆ, ಚಹಾಪುಡಿ ಎಲ್ಲಾ ಉದ್ರಿ. ಪಂಚಮಿ ಹತ್ತಿರ ಬಂದಾಗ ಬಾಕಿ 3,640 ರೂಪಾಯಿ. ಮಗಳಿಗೆ ಮಗ್ಗಿ ಬಾಯಿಗೆ ಬರುವಂತೆ ನನಗೆ ಆ ಅಂಕಿ ಬಾಯಿಗೆ ಬರುತ್ತಿತ್ತು.

ಹಳೇ ಹುಬ್ಬಳ್ಳಿಯಲ್ಲಿ ಪಂಚಮಿಗೆ ಉಂಡಿ ಕಟ್ಟದ ಮನೆ ಇರುತ್ತದೆಯೇ? ಶೇಂಗಾ ಉಂಡಿ, ಎಳ್ಳುಂಡಿ, ಬೇಸನ್ ಉಂಡಿ, ತಂಬಿಟ್ಟು, ಏನಿಲ್ಲದಿದ್ದರೂ ಎರಡು ಬಗೆಯಾದರೂ ಆಗಬೇಕು. ರೊಟ್ಟಿ ಹಬ್ಬದ ದಿನ ಅಕ್ಕಪಕ್ಕದ ಮನೆಗಳಿಗೆ ಸಜ್ಜಿ ರೊಟ್ಟಿ, ಮಡಕಿ ಕಾಳಿನ ಪಲ್ಲೆ, ಗುರೆಳ್ಳ ಚಟ್ನಿ ಕೊಟ್ಟು ಬರಬೇಕು. ಎಲ್ಲಕ್ಕಿಂತ ಹೆಚ್ಚಾಗಿ, ಇದು ಮನೆಮಗಳು ತವರಿಗೆ ಬರುವ ಹಬ್ಬ. ಅಣ್ಣಿಗೇರಿಯಿಂದ ನಾದಿನಿ ಬರುವವಳಿದ್ದಳು. ಬರಬೇಡ ಅಂತ ಯಾವ ಬಾಯಿಂದ ಹೇಳುವುದು?

ಶನಿವಾರ ರಾತ್ರಿ ಗಿರಾಕಿ ಕಡಿಮೆ ಆಗಿರಬಹುದೆಂದು ಎಂಟೂವರೆಗೆ ಅಂಗಡಿಗೆ ಹೋದೆ. ಹಬ್ಬದ ಮುಂದೆ ಎಲ್ಲಿ ಕಡಿಮೆ ಆಗುತ್ತದೆ, ಕಟ್ಟೆಯ ತುಂಬ ಮಂದಿ. ಹಿಂದಿನ ಸಲ ಹೋದಾಗ ಅವನು "ಅಕ್ಕಾರ, ಹಿಂದಿಂದ ಏನರ ನೋಡ್ರಲಾ" ಎಂದು ದೊಡ್ಡ ದನಿಯಲ್ಲೇ ಕೇಳಿದ್ದ. ಎದುರುಮನೆಯಾಕೆ ಪಕ್ಕದಲ್ಲೇ ಇದ್ದಳು. ಆಕೆ ಕೆಟ್ಟವಳಲ್ಲ, ಆದರೆ ಕೇಳಿದ್ದನ್ನು ಹೊಟ್ಟೆಯಲ್ಲಿ ಇಟ್ಟುಕೊಳ್ಳುವ ಪೈಕಿ ಅಲ್ಲ. ಅವತ್ತು ಮನೆಗೆ ಬಂದು ನಾನು ಊಟ ಮಾಡಿರಲಿಲ್ಲ.

ಈ ಶನಿವಾರ ಅವನು ಏನೂ ಕೇಳಲಿಲ್ಲ. ಶೇಂಗಾ, ಬೆಲ್ಲ, ಎಳ್ಳು, ಪುಟಾಣಿ, ಯಾಲಕ್ಕಿ ಕಟ್ಟಿಕೊಟ್ಟು, 780 ಎಂದು ಪುಸ್ತಕದಲ್ಲಿ ಬರೆದುಕೊಂಡು, "ಹಬ್ಬ ಚೊಲೋ ಮಾಡ್ರಿ" ಅಂದ. ನನಗೆ ಕಣ್ಣೀರೇ ಬಂತು. ಮನೆಗೆ ಬಂದವಳೇ ಸಿದ್ಧಾರೂಢ ಅಜ್ಜನ ಫೋಟೋದ ಮುಂದೆ ದೀಪ ಹಚ್ಚಿ ಕೈಮುಗಿದೆ. ಹಾಲು ಕಾಸಲೆಂದು ಅತ್ತಿ ಅಲ್ಲೇ ಒಲೆ ಮುಂದೆ ನಿಂತಿದ್ದರು. ನಾನು ತಿರುಗಿ ನೋಡಲಿಲ್ಲ.

ಅತ್ತಿಯ ಮೇಲೆ ನನಗೊಂದು ಹಳೆಯ ಸಿಟ್ಟಿತ್ತು. 2023ರ ಆಗಸ್ಟಿನಲ್ಲಿ ಗೃಹಲಕ್ಷ್ಮಿ ಶುರುವಾದಾಗ, ರೇಷನ್ ಕಾರ್ಡಿನಲ್ಲಿ ಯಜಮಾನಿ ಅಂತ ಇದ್ದದ್ದು ಅವರ ಹೆಸರು. ತಿಂಗಳಿಗೆ 2,000 ಅವರ ಖಾತೆಗೆ. ಮನೆ ನಡೆಸುವವಳು ನಾನು, ಯಜಮಾನಿ ಅವರೇ? ಬಾಯಿಬಿಟ್ಟು ಹೇಳಿಲ್ಲ, ಆದರೆ ಪಾತ್ರೆ ಇಡುವ ಸಪ್ಪಳದಲ್ಲಿ ಬಹಳ ಸಲ ಹೇಳಿದ್ದೇನೆ. ಆ ದುಡ್ಡಿನಲ್ಲಿ ಅವರು ಮಗಳಿಗಾಗಿ ಎತ್ತಿಡುತ್ತಾರೆ ಅನ್ನುವುದೂ ನನಗೆ ಗೊತ್ತಿತ್ತು. ಪ್ರತಿ ಪಂಚಮಿಗೂ ನಾದಿನಿಗೆ ಒಂದು ಸೀರೆ ತಪ್ಪುತ್ತಿರಲಿಲ್ಲ.

ಈ ಸಲ ಸೀರೆ ಇರಲಿಲ್ಲ. ನಾದಿನಿ ಹೊರಟು ನಿಂತಾಗ ಅತ್ತಿ ಟ್ರಂಕಿನಿಂದ ಒಂದು ಗುಳೇದಗುಡ್ಡ ಖಣ ತೆಗೆದರು. ಬಹಳ ದಿನ ಮಡಿಚಿಟ್ಟ ಬಟ್ಟೆ, ಮಡಿಕೆಯ ಗೆರೆಯಲ್ಲಿ ಬಣ್ಣ ಸ್ವಲ್ಪ ಮಾಸಿತ್ತು. ಅದರ ಮೇಲೆ ಅಕ್ಕಿ, ಕೊಬ್ಬರಿ ಬಟ್ಟಲು, ಐದು ಉಂಡಿ ಇಟ್ಟು ಉಡಿ ತುಂಬಿದರು. ನಾದಿನಿ ಅದನ್ನು ಕಣ್ಣಿಗೊತ್ತಿಕೊಂಡು ಚೀಲದಲ್ಲಿ ಇಟ್ಟುಕೊಂಡಳು. "ವೈನಿ, ಈ ಸಲದ ಶೇಂಗಾ ಉಂಡಿ ಭಾಳ ಚೊಲೋ ಆಗ್ಯಾವ" ಎಂದು ಬಸ್ಸಿಗೆ ಹೊರಟಳು. ನಾನು ಒಳಗೊಳಗೇ ಅಂದುಕೊಂಡೆ, ಈ ಮುದುಕಿ ಕಡೆಗೆ ಹೆತ್ತ ಮಗಳಿಗೂ ಕೈ ಬಿಗಿ ಹಿಡಿದಳು ಅಂತ. ಈ ಮಾತನ್ನು ಬರೆಯಲು ಈಗ ಕೈ ನಡುಗುತ್ತದೆ.

ಗುರುವಾರ ಐದುನೂರು ಹೊಂದಿಸಿಕೊಂಡು ಅಂಗಡಿಗೆ ಹೋದೆ. "ಅವತ್ತ ನೀವು ಮರ್ಯಾದಿ ಉಳಿಸಿದ್ರಿ ಅಣ್ಣಾರ" ಅಂದೆ. ಅವನು ನನ್ನ ಮುಖ ನೋಡಿದ. ಎಣ್ಣೆಗೈ ಹತ್ತಿ ಅಂಚು ಕಪ್ಪಾದ ಆ ಉದ್ದನೆಯ ಪುಸ್ತಕವನ್ನು ನನ್ನ ಕಡೆ ತಿರುಗಿಸಿದ. ನನ್ನ ಲೆಕ್ಕದಲ್ಲಿ ಬಾಕಿ 4,420. ಪುಸ್ತಕದಲ್ಲಿ 2,420. ನಡುವೆ ನೀಲಿ ಪೆನ್ನಿನಲ್ಲಿ, ಶನಿವಾರದ ತಾರೀಖಿಗೆ, "ಜಮಾ 2,000".

"ನನಗ್ಯಾಕ್ರಿ, ನಿಮ್ಮ ಅತ್ತಿಯವರು ಮುಂಜಾನೆನ ಬಂದಿದ್ರು. ಹೇಳಬ್ಯಾಡ ಅಂದಿದ್ರು. ಆಕಿ ಬಂದಾಗ ನಾಕ ಮಂದಿ ಮುಂದ ಬಾಕಿ ಕೇಳಬ್ಯಾಡಪಾ, ಇಷ್ಟ ಅಂದು ಹೋದ್ರು."

ಅವರು ಬಾಕಿಯನ್ನು ಪೂರ್ತಿ ತೀರಿಸಲಿಲ್ಲ, ತೀರಿಸುವಷ್ಟು ಅವರ ಹತ್ತಿರ ಎಲ್ಲಿತ್ತು? ಮಗಳ ಸೀರೆಯ ದುಡ್ಡು ಕೊಟ್ಟು ಅವರು ಬೇಡಿಕೊಂಡದ್ದು ಒಂದನ್ನೇ, ನಾನು ತಲೆ ತಗ್ಗಿಸಿ ನಿಲ್ಲಬಾರದು ಅಂತ. ಹಿಂದಿನ ಸಲ ನಾನು ಊಟ ಬಿಟ್ಟು ಮಲಗಿದ್ದನ್ನು ಅವರು ನೋಡಿದ್ದರು. ಯಾಕೆ ಅಂತ ಕೇಳಿರಲಿಲ್ಲ, ನಾನೂ ಹೇಳಿರಲಿಲ್ಲ.

ಅಂಗಡಿಯವನಿಗೆ ಕೈಮುಗಿದೆ, ಅಜ್ಜನಿಗೆ ದೀಪ ಹಚ್ಚಿದೆ. ಒಲೆ ಮುಂದೆ ನಿಂತಿದ್ದವರಿಗೆ ಒಂದು ಒಳ್ಳೆಯ ಮಾತನ್ನೂ ಆಡಲಿಲ್ಲ. ದುಡ್ಡಿನ ಅಡಚಣೆ ಬಂದಾಗ ನಾನು ಮನೆಯವರ ಕೈಗಳನ್ನೇ ಎಣಿಸುತ್ತಿದ್ದೆ, ಯಾರು ಎಷ್ಟು ತಂದರು, ಯಾರು ಎಷ್ಟು ಮುಚ್ಚಿಟ್ಟರು ಅಂತ. ನಮ್ಮವರು ಎರಡು ತಿಂಗಳಿಂದ ಹೊರಗೆ ಚಹಾ ಕುಡಿಯುವುದನ್ನು ಬಿಟ್ಟದ್ದು ನನ್ನ ಲೆಕ್ಕದಲ್ಲಿ ಇರಲಿಲ್ಲ. ಅಣ್ಣಿಗೇರಿಯಾಕೆ ಮಾಸಿದ ಖಣವನ್ನು ಕಣ್ಣಿಗೊತ್ತಿಕೊಂಡದ್ದೂ ಇರಲಿಲ್ಲ. ಆಕೆಗೆ ಎಲ್ಲಾ ಗೊತ್ತಿತ್ತು ಅಂತ ಈಗ ಅನಿಸುತ್ತದೆ. ಇಲ್ಲದಿದ್ದರೆ ಬಾಗಿಲಲ್ಲಿ ನಿಂತು ನನ್ನ ಉಂಡಿಯನ್ನು ಯಾಕೆ ಹೊಗಳಿಯಾಳು? ಇದ್ದುದರಲ್ಲೇ ಸಮಾಧಾನ ಪಡಬೇಕು ಎನ್ನುವ ಮಾತು ನನಗೆ ಇವತ್ತಿಗೂ ಹಿಡಿಸುವುದಿಲ್ಲ. ಅರ್ಧ ಪಗಾರ ಅನ್ಯಾಯವೇ. ಆದರೆ ಆ ಅರ್ಧದಲ್ಲೂ ನನ್ನ ಮರ್ಯಾದೆಗೆಂದು ಒಬ್ಬರು ಪಾಲು ತೆಗೆದಿಟ್ಟಿದ್ದರು.

ಅವರಿಗೆ ಏನಂತ ಹೇಳಲಿ? ನಮ್ಮ ಕಡೆ ಮನೆಯೊಳಗೆ ಯಾರೂ ಧನ್ಯವಾದ ಅನ್ನುವುದಿಲ್ಲ, ಅಂದರೆ ಬೈದಂತೆ ಕೇಳಿಸುತ್ತದೆ. ಗೊತ್ತಾಗಿದೆ ಅಂದರೆ ಅವರು ಗುಟ್ಟಾಗಿ ಮಾಡಿದ್ದನ್ನು ಬಯಲು ಮಾಡಿದಂತಾಗುತ್ತದೆ.

ಅವತ್ತು ರಾತ್ರಿ ಎಲ್ಲರಿಗಿಂತ ಮೊದಲು ಅವರಿಗೆ ತಾಟು ಇಟ್ಟೆ. ಹಂಚಿನ ಮೇಲೆ ಉಬ್ಬಿದ ಬಿಸಿ ರೊಟ್ಟಿ ಇಳಿಸಿ, ಅವರಿಗೆ ಅಗಿಯಲು ಆಗದ ಅಂಚನ್ನು ಮುರಿದು ತೆಗೆದು, ನಡುವಿನ ಮೆತ್ತನೆ ಭಾಗಕ್ಕೆ ಬೆಣ್ಣೆ ಸವರಿ ಕೊಟ್ಟೆ. ಯಾವಾಗಲೂ ಕಡೆಗೆ ಕೂಡುವವರು ತಾಟನ್ನೂ ನನ್ನನ್ನೂ ನೋಡಿದರು.

"ಯಾಕವಾ, ಹಬ್ಬ ಮುಗೀತಲಾ?"

"ಬಿಸಿ ಇರೂತ್ಲೆ ಉಣ್ರಿ," ಅಂದೆ. ಇನ್ನೊಂದು ರೊಟ್ಟಿ ಬಡಿಯಲು ಹಿಟ್ಟು ತಗೊಂಡೆ.