ಕ್ರೀಗ್ ದಂಡು, ಎರಡನೇ ಕಂತು: ಇಪ್ಪತ್ತು ಕೋಟು ಮುಗಿದವು, ಫಿರಂಗಿ ಬಾಕಿ

ವಾರ್‌ಹ್ಯಾಮರ್ 40,000 ಎಂಬ ಮೇಜಿನ ಮೇಲಿನ ಯುದ್ಧದಾಟಕ್ಕೆ ಪುಟ್ಟ ಪ್ಲಾಸ್ಟಿಕ್ ಸೈನಿಕರ ದಂಡು ಕಟ್ಟುತ್ತಿದ್ದೇವೆ. ಸದ್ಯಕ್ಕೆ ಹತ್ತು ಹತ್ತು ಜನರ ಎರಡು ಸ್ಕ್ವಾಡ್ ಬಣ್ಣ, ಬೇಸ್ (ಕಾಲಡಿಯ ಬಿಲ್ಲೆ) ಎಲ್ಲ ಮುಗಿಸಿಕೊಂಡು ನಿಂತಿವೆ. ಮೂರನೆಯದಕ್ಕೆ ಪ್ರೈಮರ್ (ಬಣ್ಣದ ಅಡಿಲೇಪ) ಬಿದ್ದಿದೆ. ಫಿರಂಗಿ ಗಾಡಿ ಬೆಸಿಲಿಸ್ಕ್ ಇನ್ನೂ ಸ್ಪ್ರೂ (ಬಿಡಿಭಾಗಗಳ ಪ್ಲಾಸ್ಟಿಕ್ ಚೌಕಟ್ಟು) ಬಿಟ್ಟು ಇಳಿದಿಲ್ಲ. ಇಷ್ಟರಲ್ಲಿ ಲಿಸ್ಟ್ (ಆಟಕ್ಕೆ ಯಾರ್ಯಾರನ್ನು ಇಳಿಸುವುದೆಂಬ ಪಟ್ಟಿ) ಒಮ್ಮೆ ಬದಲಾಯಿತು, ಅದಕ್ಕೆ ಕಾರಣ ಕಥೆಯನ್ನು ಅಕ್ಷರಶಃ ನಂಬಿದ್ದು.

ವಾರ್‌ಹ್ಯಾಮರ್ 40,000ದಲ್ಲಿ ಡೆತ್ ಕಾರ್ಪ್ಸ್ ಆಫ್ ಕ್ರೀಗ್‌ನ ಹಿನ್ನೆಲೆ ಗೊತ್ತಿದ್ದವರಿಗೆ ಇದು ಹೊಸದಲ್ಲ. 40ನೇ ಸಹಸ್ರಮಾನದ 433ನೇ ವರ್ಷದಲ್ಲಿ ಕ್ರೀಗ್ ಗ್ರಹದ ಆಳುವವರು ಸಾಮ್ರಾಜ್ಯದಿಂದ ಬೇರೆಯಾಗುತ್ತಾರೆ. ನಿಷ್ಠಾವಂತ ಕರ್ನಲ್ ಜುರ್ಟೆನ್ ತನ್ನದೇ ನೆಲದ ಮೇಲೆ ಅಣುಬಾಂಬ್ ಸುರಿಯುತ್ತಾನೆ. ಆಮೇಲೆ ಐನೂರು ವರ್ಷ ಕಂದಕದಲ್ಲೇ ಯುದ್ಧ. ಗ್ರಹ ಗೆದ್ದರೂ ಗಾಳಿ ಉಸಿರಾಡುವಂತಿಲ್ಲ, ಅದಕ್ಕೇ ಆ ಮುಖವಾಡ. ಪೂರ್ವಜರ ದ್ರೋಹಕ್ಕೆ ಪ್ರಾಯಶ್ಚಿತ್ತವೆಂದು ಸಾಯಲು ಹೊರಟವರು ಇವರು. ವ್ರಾಕ್ಸ್ ಎಂಬ ಗ್ರಹದ ಮುತ್ತಿಗೆಯಲ್ಲಿ 88ನೇ ಮುತ್ತಿಗೆ ಸೇನೆ 17 ವರ್ಷ ಕೆಸರಿನಲ್ಲಿ ಕೂತಿತ್ತು. ಬೇರೆ ರೆಜಿಮೆಂಟುಗಳಲ್ಲಿ ಓಡಿಹೋಗುವವರನ್ನು ತಡೆಯಲು ಶಿಸ್ತಿನ ಅಧಿಕಾರಿ ಕಮಿಸಾರ್ ಬೇಕು. ಇಲ್ಲಿ ಸುಮ್ಮಸುಮ್ಮನೆ ಸಾಯಲು ನುಗ್ಗುವವರನ್ನು ಹಿಡಿದು ನಿಲ್ಲಿಸಲು ಬೇಕು.

ಇದನ್ನೆಲ್ಲ ಓದಿದವರ ಕೈ ತಾನಾಗಿ ಲಿಸ್ಟ್ ತುಂಬ ಪದಾತಿ ತುಂಬುತ್ತದೆ. ಅಲೆ ಅಲೆಯಾಗಿ ನುಗ್ಗಿಸಿದರೆ ಆಯಿತು ಎಂಬ ಲೆಕ್ಕ. ದಾಳ ಆ ಲೆಕ್ಕ ಒಪ್ಪುವುದಿಲ್ಲ. 10ನೇ ಆವೃತ್ತಿಯ ಅಂಕಿಗಳನ್ನೇ ಇಟ್ಟು ನೋಡೋಣ. ಹತ್ತು ಲಾಸ್‌ಗನ್ (ಇವರ ಲೇಸರ್ ಬಂದೂಕು), 12 ಇಂಚಿನೊಳಗೆ, ಮೇಲೆ ‘ಫಸ್ಟ್ ರ‍್ಯಾಂಕ್ ಫೈರ್’ ಆರ್ಡರ್ (ಅಧಿಕಾರಿ ಕೊಡುವ ಆಜ್ಞೆ): ತಲೆಗೆ ಮೂರು, ಒಟ್ಟು 30 ದಾಳ. 4+ಗೆ (ದಾಳ 4 ಅಥವಾ ಹೆಚ್ಚು) ತಾಗುವುದು 15. ಭಾರಿ ಕವಚದ ಎದುರಾಳಿ ಯೋಧ ಸ್ಪೇಸ್ ಮರೀನ್‌ಗೆ ಗಾಯವಾಗಲು 5+ ಬೇಕು, ಉಳಿದದ್ದು 5. ಅವರ ಸೇವ್ (ಕವಚ ಏಟು ತಡೆಯುವ ದಾಳ) 3+, ಹಾಗಾಗಿ ಒಳಗೆ ಹೋಗುವುದು ಸರಾಸರಿ 1.67. ಒಬ್ಬ ಮರೀನ್‌ಗೆ ಎರಡು ವೂಂಡ್, ಎರಡು ಗಾಯವಾದರೇ ಸಾವು. ಅಂದರೆ ಇಡೀ ಸ್ಕ್ವಾಡ್ ಎದುರಿಗೇ ನಿಂತು ಸುಟ್ಟರೂ ಒಬ್ಬ ಪೂರ್ತಿ ಸಾಯಲಿಲ್ಲ.

ಈ ಯೂನಿಟ್‌ನ ಕೆಲಸ ನಿಲ್ಲುವುದು, ಕೊಲ್ಲುವುದು ಬೇರೆಯವರ ಪಾಲಿಗೆ. ಆಬ್ಜೆಕ್ಟಿವ್ ಕಂಟ್ರೋಲ್ (ಗುರಿ ಜಾಗ ಯಾರ ವಶ ಎಂದು ತೀರ್ಮಾನಿಸುವ ಅಂಕ) ತಲೆಗೆ 2, ಹತ್ತು ಜನಕ್ಕೆ 20. ಮರೀನರ ಭಾರಿ ಪಡೆಯ ಐದು ಟರ್ಮಿನೇಟರ್ ಬಂದು ನಿಂತರೂ ಅವರದು 5 ಮಾತ್ರ. ನಿಲ್ಲಬೇಕಾದರೆ ಬದುಕಬೇಕಲ್ಲ, ಅಲ್ಲಿ ಸೇವ್ ಉತ್ತಮಗೊಳಿಸುವ ‘ಟೇಕ್ ಕವರ್’ ಆರ್ಡರ್ ಕೈಹಿಡಿಯುತ್ತದೆ. ಐದು ಇಂಟರ್ಸೆಸರ್ ಮರೀನ್‌ಗಳ ಬೋಲ್ಟ್ ರೈಫಲ್‌ನಿಂದ ಬಯಲಲ್ಲಿ ಸರಾಸರಿ 3.7 ಜನ ಬೀಳುತ್ತಾರೆ. ಕಂದಕದ ಮರೆ ಮತ್ತು ಈ ಆರ್ಡರ್ ಎರಡೂ ಸೇರಿದರೆ 2.2. ಕಥೆಯಲ್ಲಿ ಇವರು ಹೆದರುವವರಲ್ಲ, ಮೇಜಿನ ಮೇಲೆ ಹೆದರುತ್ತಾರೆ. ಅರ್ಧಕ್ಕಿಂತ ಕಡಿಮೆಯಾದ ಸ್ಕ್ವಾಡ್ ಎರಡು ದಾಳದಲ್ಲಿ 7 ಮುಟ್ಟಬೇಕು, 36ರಲ್ಲಿ 15 ಸಲ ಮುಟ್ಟುವುದಿಲ್ಲ. ಮುಟ್ಟದಿದ್ದರೆ ಬ್ಯಾಟಲ್‌ಶಾಕ್ (ಎದೆಗುಂದುವುದು), ಆಗ ಉಳಿದವರ ಕಂಟ್ರೋಲ್ ಸೊನ್ನೆಯಾಗುತ್ತದೆ, ಆರ್ಡರ್ ಕೂಡ ಕಿವಿಗೆ ಬೀಳುವುದಿಲ್ಲ. ಟೆಸ್ಟ್‌ಗೆ ಮೊದಲೇ ‘ಡ್ಯೂಟಿ ಅಂಡ್ ಆನರ್’ ಕೊಟ್ಟರೆ 6 ಸಾಕು.

ಇಪ್ಪತ್ತರ ಒಂದೇ ಸ್ಕ್ವಾಡ್ ಏಕೆ ಬೇಡವಾಯಿತು? ಒಂದು ಆರ್ಡರ್‌ಗೆ ಇಪ್ಪತ್ತು ಜನ ಸಿಗುತ್ತಾರೆ, ಅದು ನಿಜವಾದ ಲಾಭ. ಆದರೆ ಬ್ಲಾಸ್ಟ್ (ಸ್ಫೋಟಕ) ಆಯುಧಗಳಿಗೆ ಐದು ಜನಕ್ಕೊಂದರಂತೆ ನಾಲ್ಕು ಹೆಚ್ಚುವರಿ ಅಟ್ಯಾಕ್ ನಾವೇ ಬಡಿಸಿಕೊಟ್ಟಂತಾಗುತ್ತದೆ. ಅಲ್ಲದೆ ಏಳು ಅಥವಾ ಹೆಚ್ಚು ಮಾಡೆಲ್ ಇರುವ ಯೂನಿಟ್‌ನಲ್ಲಿ ಪ್ರತಿಯೊಬ್ಬನೂ ಇನ್ನಿಬ್ಬರಿಗೆ 2 ಇಂಚಿನೊಳಗೆ ಇರಬೇಕು. ಉದ್ದಕ್ಕೆ ಒಂಟಿ ಸಾಲಾಗಿ ಚಾಚಿದರೆ ತುದಿಯವನಿಗೆ ಒಬ್ಬನೇ ಪಕ್ಕದವನು, ಕೊಹೆರೆನ್ಸಿ (ಗುಂಪಿನ ಒಗ್ಗಟ್ಟು) ಹೋಯಿತು. ಈ ನಿಯಮ ಹತ್ತಕ್ಕೂ ಇದೆ, ಆದರೆ ಎರಡು ಸ್ಕ್ವಾಡ್ ಎರಡು ಕಡೆ ನಿಲ್ಲಬಲ್ಲವು. ಹತ್ತರ ಎರಡೇ ಸರಿ.

ಪ್ಲಾಸ್ಮಾ ಗನ್ ಸ್ಕ್ವಾಡಿಗೊಂದು ಹಾಕಿದ್ದೇವೆ. ಸೂಪರ್‌ಚಾರ್ಜ್ ಮಾಡಿದರೆ ಡ್ಯಾಮೇಜ್ 2, ಮರೀನ್‌ಗೆ ಒಂದೇ ಏಟು. ಹಾಗೆ ಮಾಡಿದಾಗ ಎಸೆಯುವ ಹಝಾರ್ಡಸ್ (ಅಪಾಯದ) ದಾಳ 1 ಬಿದ್ದರೆ ಹಿಡಿದವನೇ ಹೋಗುತ್ತಾನೆ. ಸತ್ತವನ ಮುಖವಾಡ, ಬಂದೂಕು ಎತ್ತಿಟ್ಟು ಮುಂದಿನವನಿಗೆ ಕೊಡುವ ಕ್ವಾರ್ಟರ್‌ಮಾಸ್ಟರ್ ಇರುವ ದಂಡಿನಲ್ಲಿ ಇದನ್ನು ಯಾರೂ ದೂರುವುದಿಲ್ಲ.

ಇನ್ನು ಬಣ್ಣ. 2021ರ ಕಿಲ್ ಟೀಮ್ (ಇದೇ ಲೋಕದ ಚಿಕ್ಕ ಆಟ) ಪೆಟ್ಟಿಗೆಯಲ್ಲಿ ಬಂದ ಪ್ಲಾಸ್ಟಿಕ್ ಕಿಟ್ ಇದು, ಹತ್ತು ಮಾಡೆಲ್, 25 ಎಂಎಂ ಬೇಸ್. ಬಂದೂಕು ಹಿಡಿದ ಕೈಗಳನ್ನು ಮೊದಲೇ ಅಂಟಿಸಿದರೆ ಕೋಟಿನ ಎದೆಭಾಗಕ್ಕೆ ಬ್ರಶ್ ಹೋಗುವುದಿಲ್ಲ. ಕೈಗಳನ್ನು ಬ್ಲೂ ಟ್ಯಾಕ್ (ಕಿತ್ತು ತೆಗೆಯಬಹುದಾದ ಮೆತ್ತನೆ ಅಂಟು) ಬಳಸಿ ಕಡ್ಡಿಗೆ ಸಿಕ್ಕಿಸಿ ಬೇರೆಯಾಗಿ ಬಣ್ಣ ಹಚ್ಚಿ. ಅಂಟಿನ ಜಾಗಕ್ಕೆ ಪ್ರೈಮರ್ ಬಿದ್ದಿದ್ದರೆ ಕೆರೆದು ತೆಗೆಯಿರಿ, ಪ್ಲಾಸ್ಟಿಕ್ ಅಂಟು ಬಣ್ಣದ ಮೇಲೆ ಹಿಡಿಯುವುದಿಲ್ಲ.

ಕಪ್ಪು ಪ್ರೈಮರ್, ಕೋಟಿಗೆ ಮೆಕ್ಯಾನಿಕಸ್ ಸ್ಟ್ಯಾಂಡರ್ಡ್ ಗ್ರೇ, ಪ್ಯಾಂಟಿಗೆ ಸ್ಟೀಲ್ ಲೀಜನ್ ಡ್ರ್ಯಾಬ್, ಬೆಲ್ಟು ಮತ್ತು ಬೂಟಿಗೆ ರೈನಾಕ್ಸ್ ಹೈಡ್. ಎಲ್ಲದರ ಮೇಲೆ ನುಲ್ನ್ ಆಯಿಲ್ ವಾಶ್ (ಸಂದಿಗೆ ಇಳಿಯುವ ತೆಳು ಕಪ್ಪು ಬಣ್ಣ). ತಪ್ಪುವುದು ಇಲ್ಲೇ: ಕೋಟು ಗಿಡ್ಡವಲ್ಲ, ವಾಶ್ ಇಳಿದು ಅಂಚಿನಲ್ಲಿ ಕೂತು ಒಣಗಿದಾಗ ಚಹಾ ಕಲೆಯಂಥ ಗೆರೆ ಬಿಡುತ್ತದೆ. ಅರ್ಧ ಒಣಗಿದ ಮೇಲೆ ಮುಟ್ಟಿದರೆ ಇನ್ನೂ ಕೆಡುತ್ತದೆ. ಆದ್ದರಿಂದ ಒಂದು ಸಲಕ್ಕೆ ಮೂರೇ ಮಾಡೆಲ್. ಮೂರನೆಯದಕ್ಕೆ ಹಚ್ಚಿದ ಕೂಡಲೇ ಮೊದಲನೆಯದರ ಅಂಚಿನಿಂದ ಒದ್ದೆ ಬ್ರಶ್ ತುದಿಯಲ್ಲಿ ಹೆಚ್ಚಾದದ್ದನ್ನು ಹೀರಿ ತೆಗೆಯಬೇಕು. ಆಮೇಲೆ ಅಡ್ಮಿನಿಸ್ಟ್ರೇಟಮ್ ಗ್ರೇಯಿಂದ ಮಡಿಕೆಗಳ ನೆತ್ತಿಗೆ ಮಾತ್ರ ಡ್ರೈಬ್ರಶ್ (ಬಣ್ಣ ಬಹುಪಾಲು ಒರೆಸಿದ ಬ್ರಶ್ ಸವರುವುದು). ಮುಖವಾಡದ ಗಾಜನ್ನು ಕೊನೆಗೆ ಮಾಡಿ: ಕಪ್ಪು, ಮೇಲೊಂದು ಬಿಳಿ ಚುಕ್ಕೆ. ಕೆಂಪು ಹಚ್ಚಿದರೆ ಮನುಷ್ಯ ಹೋಗಿ ರೋಬೋ ಕಾಣುತ್ತದೆ, ನಮಗಂತೂ ಹಿಡಿಸಲಿಲ್ಲ.

ಮಳೆಗಾಲದಲ್ಲಿ, ಅದರಲ್ಲೂ ಕರಾವಳಿಯಲ್ಲಿ, ಸ್ಪ್ರೇ ಪ್ರೈಮರ್ ಮತ್ತು ಮ್ಯಾಟ್ ವಾರ್ನಿಶ್ ಎರಡೂ ಕೈಕೊಡುತ್ತವೆ. ಗಾಳಿಯ ತೇವ ಹನಿಯೊಳಗೆ ಸಿಕ್ಕಿ ಬೂದಿ ಬಳಿದಂತೆ ಬಿಳಿಚುತ್ತದೆ. ಬ್ರಶ್‌ನಲ್ಲಿ ಹಚ್ಚುವ ಪ್ರೈಮರ್ ನಿಧಾನ, ಆದರೆ ಹೆದರಿಕೆಯಿಲ್ಲ.

ಬೇಸ್‌ಗೆ ಸ್ಟಿರ್ಲ್ಯಾಂಡ್ ಮಡ್ ಎಂಬ ಮಣ್ಣಿನಂಥ ಗಟ್ಟಿ ಬಣ್ಣ, ತೆಳ್ಳಗೆ ಎರಡು ಪದರ. ಒಂದೇ ಸಲ ದಪ್ಪ ಮೆತ್ತಿದರೆ ಒಣಗುವಾಗ ಬಿರುಕು. ಅದೇ ಕೆಸರಿನ ಬಣ್ಣವನ್ನು ನೀರಾಗಿಸಿ ಕೋಟಿನ ಕೆಳಗಿನ ಅಂಚಿಗೂ ಬೂಟಿಗೂ ಸ್ಪಂಜಿನಲ್ಲಿ ಒತ್ತಿ. ಬೇಸ್ ಒಂದು ಕಡೆ, ಆಳು ಒಂದು ಕಡೆ ಅನ್ನಿಸದಿರಲು ಇದೇ ಉಪಾಯ.

ಕಂದಕದ ತುಂಡುಗಳಿಗೆ ಐಸ್‌ಕ್ರೀಮ್ ಕಡ್ಡಿ ಸೀಳಿದ ಹಲಗೆ. ಮುಳ್ಳುತಂತಿಯ ಗೂಟಕ್ಕೆ ಉರಿದು ಉಳಿದ ಊದುಬತ್ತಿ ಕಡ್ಡಿ ಹೇಳಿ ಮಾಡಿಸಿದ ದಪ್ಪ. ತಂತಿ ಎಂದರೆ ಹಳೇ ಮೋಟಾರಿನ ತಾಮ್ರದ ಎಳೆ. ಎರಡು ಎಳೆಯ ಒಂದು ತುದಿ ಮೊಳೆಗೆ, ಇನ್ನೊಂದು ತುದಿ ಡ್ರಿಲ್‌ಗೆ ಕಚ್ಚಿಸಿ ನಿಧಾನ ತಿರುಗಿಸಿದರೆ ಹುರಿಯಾಗುತ್ತದೆ. ಎಂಡಿಎಫ್ ಹಲಗೆಯ ಒಂದೇ ಬದಿಗೆ ಫೆವಿಕಾಲ್ ಬಳಿದರೆ ಒಣಗುವಾಗ ಹಪ್ಪಳದಂತೆ ಡೊಂಕುತ್ತದೆ. ಅಡಿಗೂ ಒಂದು ಕೈ ಬಳಿದು ಭಾರ ಇಟ್ಟುಬಿಡಿ.

ಮುಂದಿನ ಕಂತು ಬೆಸಿಲಿಸ್ಕ್. ಅದರ ಅರ್ಥ್‌ಶೇಕರ್ ತೋಪು 240 ಇಂಚು ಹೊಡೆಯುತ್ತದೆ, ಮೇಜು ಇರುವುದೇ 60 ಇಂಚು. ಕಾಣದ ಗುರಿಗೆ ಹೊಡೆದರೆ ಹಿಟ್ ಮೇಲೆ ಒಂದು ಕಡಿತ, ಗುರಿಗೆ ಕವರ್ ಬೇರೆ. ಆದರೂ ಎರಡು ಸ್ಕ್ವಾಡ್ ಹಿಡಿದು ನಿಲ್ಲಿಸಿದ ಶತ್ರುವನ್ನು ಹಿಂದಿನಿಂದ ಕರಗಿಸಲು ಕ್ರೀಗ್‌ಗೆ ಇದಕ್ಕಿಂತ ಒಪ್ಪುವ ಗಾಡಿ ಇಲ್ಲ. ತೋಪಿನ ಕೊಳವೆಯ ಜೋಡಣೆ ಗೆರೆ ಉಜ್ಜುವ ಕೆಲಸದಿಂದ ಶುರು.